ಸಭೆಯಲ್ಲಿ ಚಹಾ ಮುಟ್ಟದ ನೇಮಣ್ಣ

ಹುಕ್ಕೇರಿಯ ನೇಮಣ್ಣನ ಪಾತ್ರೆ ಅಂಗಡಿಗೆ ಚಮಚ ಕೊಳ್ಳಲು ಬಂದವರು, ಅವನು ತರಿಸಿಕೊಟ್ಟ ಚಹಾ ಕುಡಿದು, ಸಂಕೋಚಕ್ಕೆ ಬಿದ್ದು ತಾಮ್ರದ ಹಂಡೆ ಹೊತ್ತುಕೊಂಡು ಹೋಗಿದ್ದುಂಟು. ಅಂಥ ನೇಮಣ್ಣನನ್ನು ವಿಶ್ವವಿದ್ಯಾಲಯದವರು, ಜನರ ಮೇಲೆ ನಡೆಸುವ ಸಂಶೋಧನೆಗಳಿಗೆ ಅನುಮತಿ ಕೊಡುವ ಹೊಸ ಸಮಿತಿಗೆ, ಓದಿದವರ ನಡುವೆ ಊರಿನವರೊಬ್ಬರು ಇರಲಿ ಎಂದು ಸೇರಿಸಿಕೊಂಡಿದ್ದಾರೆ. ಡಾಕ್ಟರು, ಪ್ರೊಫೆಸರು ಯಾರೇ ಬರಲಿ, ಅವನದು ಒಂದೇ ಪ್ರಶ್ನೆ. ಮೇಲವಂಕಿ ಹಳ್ಳಿಯ ಹೆಂಗಸರ ರಕ್ತ ತೆಗೆದು ಅಧ್ಯಯನ ಮಾಡಹೊರಟ ಡಾಕ್ಟರಿಗೂ ಅದನ್ನೇ ಕೇಳಿದ: "ಒಪ್ಪಿಗಿ ಯಾವಾಗ ಕೇಳ್ತೀರಿ ಸಾಹೇಬ್ರ, ಅವರ ಮನ್ಯಾಗ ಚಹಾ ಕುಡಿಯೂಕಿಂತ ಮೊದಲೋ, ಆಮ್ಯಾಲೋ?" ಡಾಕ್ಟರು ನಕ್ಕರು. "ನಗಬ್ಯಾಡ್ರಿ. ಕೂಡಿ ಚಹಾ ಕುಡದ ಮ್ಯಾಲ ನಮ್ಮ ಮಂದಿಗೆ ಒಲ್ಲೆ ಅನ್ನಾಕ ಬಾಯಿ ಬರೂದಿಲ್ಲ. ಅಂಜಿಕೋಂತನ ಕೈ ಮುಂದ ಮಾಡ್ತಾರ." ಅಷ್ಟು ಹೊತ್ತಿಗೆ ಅವನ ಮುಂದಿನ ಕಪ್ಪಿನಲ್ಲಿ ಕೆನೆ ಕಟ್ಟಿರುತ್ತದೆ. ದಿನವಿಡೀ ಚಹಾದ ಮೇಲೆಯೇ ಬದುಕುವ ಆಸಾಮಿ, ಸಭೆಯಲ್ಲಿ ಮಾತ್ರ ಅದನ್ನು ಆಸೆಗಣ್ಣಿನಿಂದ ನೋಡುತ್ತಾನೆಯೇ ಹೊರತು ಮುಟ್ಟುವುದಿಲ್ಲ. "ಆರಾಕತ್ತೈತಿ, ತಗೋರಿ ನೇಮಣ್ಣಾರ" ಎಂದು ಅಧ್ಯಕ್ಷರು ಕಪ್ಪನ್ನು ಮುಂದೆ ಸರಿಸಿದರೆ, ಅವನು ನಯವಾಗಿ ಹಿಂದಕ್ಕೆ ಸರಿಸುತ್ತಾನೆ: "ಮೊದಲ ತೀರ್ಮಾನ ಆಗ್ಲಿ, ಆಮ್ಯಾಲ ಕುಡೀತೇನ್ರಿ. ನಾನೂ ಆ ಮಂದಿ ಪೈಕೀನ ಅದೇನಿ."