ಓನರಮ್ಮನ ಬಲಗೈ

"ನಮ್ಮ ಮನ್ಯಾಗಿನ ಹುಡುಗಿ ಡಿಗ್ರಿ ಮುಗಿಸೋದು ಆಗೋ ಮಾತಲ್ಲ" ಎಂದವನು ನಮ್ಮ ದೊಡ್ಡಪ್ಪ. ಕಡರನಾಯಕನಹಳ್ಳಿಯ ಮನೆಯ ಕಟ್ಟೆ ಮೇಲೆ ಕೂತು, ಎಲೆಗೆ ಸುಣ್ಣ ಸವರುತ್ತ, ನನ್ನ ಮುಖ ಕೂಡ ನೋಡದೆ ಹೇಳಿದ್ದ. ಅದೇ "ಆಗೋ ಮಾತಲ್ಲ" ಅನ್ನುವುದನ್ನು ಎರಡನೇ ಸಲ ಕೇಳಿದ್ದು ದಾವಣಗೆರೆಯಲ್ಲಿ, ನಾನು ಬಾಡಿಗೆಗಿದ್ದ ಮನೆಯ ಓನರಮ್ಮನ ಬಾಯಲ್ಲಿ, ಒಂದು ಬೆಕ್ಕಿನ ವಿಷಯಕ್ಕೆ. ಹೇಳುವಾಗ ಅವರ ಬಲಗೈ ಸೆರಗಿನೊಳಗೆ ಸುತ್ತಿಕೊಂಡಿತ್ತು.

ಯಾವಾಗಲೂ ಹಾಗೇ. ರೊಟ್ಟಿ ಬಡಿಯುವಾಗ, ಪೂಜೆ ಮಾಡುವಾಗ ಆ ಕೈ ಹೊರಗೆ ಬರುತ್ತಿತ್ತು. ಕೆಲಸ ಮುಗಿದ ಕೂಡಲೇ ಮತ್ತೆ ಸೆರಗಿನೊಳಗೆ. ಚಳಿಗೆ ಇರಬೇಕು ಅಂದುಕೊಂಡಿದ್ದೆ. ದಾವಣಗೆರೆಯ ಬೇಸಿಗೆಯಲ್ಲೂ ಬಿಡದಿದ್ದಾಗ ವಾತ ಇರಬೇಕು ಅಂದುಕೊಂಡೆ. ಕೇಳಲಿಲ್ಲ.

ಮನೆ ಎಸ್.ಎಸ್. ಬಡಾವಣೆಯಲ್ಲಿತ್ತು. ಕೆಳಗೆ ಅವರು, ಮೇಲಿನ ಒಂದು ರೂಮಿನಲ್ಲಿ ನಾನು. ಹಗಲೆಲ್ಲ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವುದು, ಗಿರಾಕಿ ಬೇಡ ಅಂದ ಮೇಲೆ ಮಡಚಿಡುವುದು ನನ್ನ ಕೆಲಸ. ಕಾಲೇಜಿನ ಹೊಸ್ತಿಲು ತುಳಿಯದೆ, ಆ ಕೆಲಸದ ನಡುವೆಯೇ ಓದಿ, ಹೊರಗಿನಿಂದಲೇ ಪರೀಕ್ಷೆ ಕಟ್ಟಿ ಬಿ.ಎ. ಮಾಡಿದವಳು ನಾನು. ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ಪುಕ್ಕಟೆ ಕೊಟ್ಟದ್ದಲ್ಲ.

ರೂಮು ಕೇಳಲು ಹೋದ ದಿನ ಓನರಮ್ಮ ಹಾಕಿದ್ದು ಒಂದೇ ಕರಾರು. "ಮೊಟ್ಟೆನೂ ತರಬ್ಯಾಡ ನೋಡವ್ವ. ನಿಮ್ಮ ಪದ್ಧತಿ ನಿಮಗೆ, ನಾ ಏನೂ ಅನ್ನಲ್ಲ. ಊರಿಗೆ ಹೋದಾಗ ಹೊಟ್ಟೆ ತುಂಬ ತಿಂದು ಬಾ. ಇಲ್ಲಿ ಬ್ಯಾಡ." ಲಿಂಗಪೂಜೆ ಆಗದೆ ಒಂದು ಗುಟುಕು ನೀರೂ ಕುಡಿಯದ ಹೆಂಗಸು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮನೆಯಲ್ಲಿ ಇನ್ನೊಂದು ಜೀವ ಅಂದರೆ ಗುಂಡ. ಬೂದಿ ಬಣ್ಣದ, ಗುಡಾಣದಂಥ ಹೊಟ್ಟೆಯ ಗಂಡು ಬೆಕ್ಕು. ಗಂಡ ಎತ್ತಿಕೊಂಡು ಬಂದು ಸಾಕಿದ್ದು. ಅವರು ಊಟಕ್ಕೆ ಕೂತರೆ ತೊಡೆ ಮೇಲೆ ಇದೂ ಕೂರುತ್ತಿತ್ತಂತೆ, ಹಾಲು ಅನ್ನ ಕಲಸಿ ಮೊದಲ ತುತ್ತು ಇದಕ್ಕೇ ಇಡುತ್ತಿದ್ದರಂತೆ.

ಓನರಮ್ಮನಿಗೆ ಎಲ್ಲದಕ್ಕೂ ಭಯ. ಸಿಲಿಂಡರಿನ ರೆಗ್ಯುಲೇಟರು ತಿರುಗಿಸಿ, ಒಲೆಯ ಮುಂದೆ ಬಗ್ಗಿ ಮೂಸಿ, ಹೊರಗೆ ಹೋಗಿ, ಮತ್ತೆ ಬಂದು ಮೂಸುತ್ತಿದ್ದರು. ಬೀಗ ಹಾಕಿ ಜಗ್ಗಿ ನೋಡಿ, ನನ್ನ ಕೈಯಲ್ಲೂ ಒಂದು ಸಲ ಜಗ್ಗಿಸುತ್ತಿದ್ದರು. ನಾನು ಅಂಗಡಿಯಿಂದ ಬಂದು ಗೇಟು ಮುಟ್ಟಿದರೆ ಸಾಕು, ಒಳಗಿನಿಂದ "ಬಂದ್ಯಾ?" ಅನ್ನುವ ದನಿ. ಹೊರಟರೆ "ಹುಷಾರು". ಪಕ್ಕದ ಅಂಗಡಿಗೆ ಉಪ್ಪು ತರಲು ಹೋದರೂ "ಹುಷಾರು".

"ಉಪ್ಪು ನನ್ನ ಕಚ್ಚತೈತೇನ್ರಿ?" ಅಂದರೆ, "ಏನು ಯಾವಾಗ ಕಚ್ಚತೈತೋ, ಯಾರಿಗೆ ಗೊತ್ತವ್ವ" ಅನ್ನುತ್ತಿದ್ದರು. ನಗುತ್ತಿರಲಿಲ್ಲ.

ಮೊದಲು ಬಂದದ್ದು ಇರುವೆ. ಹಿತ್ತಿಲ ಬಚ್ಚಲ ಮೂಲೆಯಲ್ಲಿ ಗುಂಡ ಉಚ್ಚೆ ಹೊಯ್ದ ಜಾಗಕ್ಕೆ ಕೆಂಪಿರುವೆ ಮುತ್ತಿದ್ದವು. ನಾನು ಪೊರಕೆ ತಗೊಂಡೆ. ಓನರಮ್ಮ ಗೋಡೆ ಹಿಡಿದು ನಿಂತುಬಿಟ್ಟರು, ಮುಖದಲ್ಲಿ ರಕ್ತವೇ ಇರಲಿಲ್ಲ. "ಹಿಂಗೇ ಶುರುವಾಗಿದ್ದು. ನಮ್ಮನಿಯವರಿಗೂ ಹಿಂಗೇ ಇರುವೆ ಬಂದಿದ್ವು." ಆಮೇಲೆ ನೋಡಿದರೆ ಬಕೆಟಿನ ನೀರು ಕುಡಿದೂ ಕುಡಿದೂ ಬೆಕ್ಕಿನ ದಾಹ ಹೋಗುತ್ತಿರಲಿಲ್ಲ. ತಿನ್ನುವುದು ಹೆಚ್ಚಾಗಿತ್ತು, ಮೈ ಇಳಿಯುತ್ತಿತ್ತು. ಹಿಂಗಾಲು ಊರಿ ನಡೆಯಲು ಆಗದೆ ನೆಲಕ್ಕೆ ಹಚ್ಚಿ ಎಳೆಯುತ್ತಿತ್ತು.

ತರಕಾರಿ ಬುಟ್ಟಿಯ ಮೇಲೆ ಟವೆಲು ಕಟ್ಟಿ ಆಟೋದಲ್ಲಿ ದನದ ಡಾಕ್ಟರ ಹತ್ತಿರ ಒಯ್ದೆವು. ಆಡು, ನಾಯಿಗಳ ನಡುವೆ ಸರದಿಗೆ ಕೂತಾಗ ಓನರಮ್ಮ ಬುಟ್ಟಿಯ ಮೇಲೆ ಎಡಗೈ ಇಟ್ಟುಕೊಂಡು ಬಾಯಲ್ಲೇ ಮಂತ್ರ ಹೇಳುತ್ತಿದ್ದರು. ರಕ್ತ ಪರೀಕ್ಷೆ ಮಾಡಿದ ಡಾಕ್ಟರು ಅಂದರು, "ಶುಗರ್ ಐತ್ರಿ. ಬೆಳಿಗ್ಗೆ ಒಂದು, ಸಂಜೆ ಒಂದು ಇನ್ಸುಲಿನ್ ಹಾಕ್ಬೇಕು. ದಿನಾ ಇಲ್ಲಿಗೆ ತರಾಕೆ ಆಗಲ್ಲ, ಮನ್ಯಾಗೇ ಹಾಕ್ರಿ."

ಆಗಲೇ ಓನರಮ್ಮ ಅಂದದ್ದು: "ಅದು ಆಗೋ ಮಾತಲ್ಲ ಸಾರ್. ನನ್ನ ಕೈಲಿ ಆಗೋ ಮಾತಲ್ಲ." ಬಲಗೈಯ ಮೇಲೆ ಸೆರಗು ಇನ್ನೊಂದು ಸುತ್ತು ಸುತ್ತಿತು.

"ನಾ ಹಾಕ್ತೀನಿ ಬಿಡ್ರಿ" ಅಂದೆ. ಯಾಕೆ ಅಂದೆನೋ! ಅಲ್ಲಿಯವರೆಗೆ ಸೂಜಿ ಅಂದರೆ ಸೀರೆಗೆ ಫಾಲ್ಸ್ ಹೊಲಿಯುವ ಸೂಜಿ ಅಷ್ಟೇ ಹಿಡಿದವಳು ನಾನು.

ಡಾಕ್ಟರು ಹಾಲು ಅನ್ನ ನಿಲ್ಲಿಸಿ, ಉಪ್ಪು ಖಾರ ಹಾಕದೆ ಕೋಳಿ ಬೇಯಿಸಿ ಕೊಡಿ ಅಂದರು. ಓನರಮ್ಮ ಬೆಚ್ಚಿಬಿದ್ದರು. "ನಮ್ಮ ಮನ್ಯಾಗೆ ಲಿಂಗಪೂಜೆ ಐತ್ರಿ ಸಾರ್."

"ಪೂಜೆ ನೀವು ಮಾಡ್ತೀರಿ ಅಮ್ಮಾರೆ, ಬೆಕ್ಕು ಮಾಡಲ್ಲ."

ಆ ದಿನ ಸಂಜೆ ಮೆಟ್ಟಿಲ ಕೆಳಗೆ ನಿಂತು ನನ್ನನ್ನು ಕರೆದರು. ಬೇರೆ ಕಡೆ ನೋಡುತ್ತ ಹೇಳಿದರು, "ಮ್ಯಾಲೆ ಬೇಯಿಸು. ಪಾತ್ರೆ ಬ್ಯಾರೆ ಇರ್ಲಿ, ಬಾಗಿಲು ಹಾಕ್ಕ. ನನಗೆ ಹೇಳಬ್ಯಾಡ. ನನಗೆ ಗೊತ್ತಿಲ್ಲಂಗೆ ಇರ್ಲಿ." ವಾರ ಕಳೆಯುವಷ್ಟರಲ್ಲಿ ಕೆಳಗಿನಿಂದ ಕೂಗುತ್ತಿದ್ದರು: "ಏ ಹುಡುಗಿ! ನನಗೆ ಗೊತ್ತಿಲ್ಲದ್ದು ಸೀದು ವಾಸನಿ ಬರಾಕತ್ತೈತೆ, ನೋಡು!"

ಗಂಡನ ಕಾಲದ ಶುಗರ್ ನೋಡುವ ಮಿಷನ್ನು ಬೀರುವಿನಲ್ಲಿ ಬಿಳಿ ಬಟ್ಟೆ ಸುತ್ತಿ ಇಟ್ಟಿದ್ದರು. ಅದಕ್ಕೆ ರಕ್ತ ಹಚ್ಚುವ ಹೊಸ ಪಟ್ಟಿ ತಂದೆ. ಒಂದು ಬಟ್ಟೆ ಚೂರನ್ನು ಕುಕ್ಕರಿನ ಮುಚ್ಚಳದ ಮೇಲಿಟ್ಟು ಬೆಚ್ಚಗೆ ಮಾಡಿ, ಗುಂಡನ ಕಿವಿಗೆ ಒತ್ತಿ ಹಿಡಿದು, ಅಂಚಿನಲ್ಲಿ ಚುಚ್ಚಿದರೆ ಸಾಸಿವೆಯಷ್ಟು ರಕ್ತ. ಮಿಷನ್ನು ಕೂಗುವವರೆಗೆ ಓನರಮ್ಮ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. "ಎಷ್ಟವ್ವಾ?" ಜಾಸ್ತಿ ಬಂದರೆ ಭಯ, ಕಡಿಮೆ ಬಂದರೆ ಇನ್ನೂ ಭಯ. ಕರೆಂಟು ಹೋದರೆ ಇನ್ಸುಲಿನ್ ಕೆಟ್ಟೀತು ಅಂತ ಫ್ರಿಜ್ಜಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತುಕೊಳ್ಳುವರು, ಯಾರೋ ತೆರೆಯಲು ಬರುತ್ತಾರೇನೋ ಅನ್ನುವ ಹಾಗೆ. ನಕ್ಕಿದ್ದೆ ನಾನು. ಆದರೆ ಆ ಭಯ ನನಗೂ ಹತ್ತಿತು. ಅಂಗಡಿಯಲ್ಲಿ ರೇಷ್ಮೆ ಸೀರೆಯ ಸೆರಗು ಹರಡಿ ತೋರಿಸುವಾಗ, ಬೆಳಿಗ್ಗೆ ಹಾಕಿದ್ದು ಒಂದೇ ಯೂನಿಟ್ಟೋ ಎರಡೋ ಅಂತ ಯೋಚಿಸುತ್ತ ಗಿರಾಕಿಗೆ ಹೇಳಬೇಕಾದ ಬೆಲೆಯೇ ಮರೆತುಹೋಗುತ್ತಿತ್ತು.

ಮದುವೆಯ ಸೀಜನ್ನು. ಒಂದು ಸಂಜೆ ತಡವಾಗಿ ಬಂದೆ. ಗುಂಡ ಬಟ್ಟಲು ಮೂಸುತ್ತಿತ್ತು. ತಿನ್ನುತ್ತದೆ ಬಿಡು ಅಂತ ಸೂಜಿ ತುಂಬಿ, ಹೆಗಲ ಮೇಲಿನ ಚರ್ಮ ಚಿವುಟಿ ಎತ್ತಿದೆ. ನನ್ನ ಮುಂಗೈಯನ್ನು ಯಾರೋ ಗಬಕ್ಕನೆ ಹಿಡಿದರು.

"ತಿಂದಿಲ್ಲ! ಹಾಕಬ್ಯಾಡ!"

ಓನರಮ್ಮನ ಬಲಗೈ. ಬೆರಳು ಮಂಜುಗಡ್ಡೆಯಾಗಿದ್ದವು, ಹಿಡಿತ ಮಾತ್ರ ಕಬ್ಬಿಣ. ಬೆಕ್ಕು ತಪ್ಪಿಸಿಕೊಂಡು ಓಡಿತು. ಅವರು ಬಟ್ಟಲಿನ ಪಕ್ಕ ನೆಲದ ಮೇಲೆ ಕೂತರು. ತಾವಾಗಿಯೇ ಹೇಳಿದರು.

"ಶಿವರಾತ್ರಿ ಉಪವಾಸ ಬಿಡಲ್ಲ ಅಂದ್ರು ನಮ್ಮನಿಯವರು. ಸೂಜಿ ಒಂದಿನನೂ ತಪ್ಪಿಸಬ್ಯಾಡ್ರಿ ಅಂದಿದ್ರು ಡಾಕ್ಟ್ರು. ಉಪವಾಸನೂ ತಪ್ಪಲಿಲ್ಲ, ಸೂಜಿನೂ ತಪ್ಪಲಿಲ್ಲ. ಹೊತ್ತಿಗೆ ಸರಿಯಾಗಿ ಹಾಕಿದೆ, ಈ ಕೈಲೇ. ಖಾಲಿ ಹೊಟ್ಟಿಗೆ ಹಾಕಿದ್ರೆ ಶುಗರ್ ಪೂರ್ತಿ ಇಳಿತೈತೆ ಅಂತ ಗೊತ್ತಿರಲಿಲ್ಲ. ಬೆವತ್ರು, ತೊದಲಿದ್ರು, ಮಲಗಿದ್ರು. ಉಪವಾಸದ ಸುಸ್ತು, ಜಾಗರಣಿ ಹೊತ್ತಿಗೆ ಎಬ್ಬಿಸಿದ್ರಾತು ಅಂತ ನಾನೇ ಹೊದಿಕೆ ಹೊದಿಸಿ ಬಂದೆ. ಎಬ್ಬಿಸಾಕೆ ಹೋದೆ. ಏಳಲಿಲ್ಲವ್ವ."

ಗುಂಡ ತಿರುಗಿ ಬಂದು ಬಟ್ಟಲಿಗೆ ಬಾಯಿ ಹಾಕಿತು. ತಿಂದು ಮುಗಿಸಿದ ಮೇಲೆ ಸೂಜಿ ಹಾಕಿದೆ.

ನನ್ನ ಬಿ.ಎ. ಕೊನೆಯ ವರ್ಷದ ಕೊನೆಯ ಪೇಪರು. ಪರೀಕ್ಷೆ ಕೇಂದ್ರ ಹರಿಹರದಲ್ಲಿ. ಈ ಸಲ ಮುಗಿಸದಿದ್ದರೆ ಓದು ಸಾಕು, ಗಂಡು ನೋಡ್ತೀವಿ ಅಂತ ದೊಡ್ಡಪ್ಪ ಹೇಳಿ ಕಳಿಸಿದ್ದ. ಅವತ್ತು ಬೆಳಿಗ್ಗೆಯೇ ಗುಂಡ ಬಟ್ಟಲಿಗೆ ಬೆನ್ನು ತಿರುಗಿಸಿ ಕೂತಿತು. ಬೆರಳಲ್ಲಿ ತಿನ್ನಿಸಲು ಹೋದರೂ ಮುಖ ತಿರುವಿತು. ಶುಗರ್ ನೋಡಿದರೆ ಮೇಲೇ ಇತ್ತು. ಹಾಕದೆ ಬಿಟ್ಟರೆ ಏರುತ್ತದೆ. ತಿನ್ನದೆ ಹಾಕಿದರೆ ಗೊತ್ತೇ ಇದೆ. ಡಾಕ್ಟರಿಗೆ ಫೋನು ಹತ್ತಲಿಲ್ಲ. ಬಸ್ಸಿನ ಹೊತ್ತಾಗುತ್ತಿತ್ತು.

"ಈ ವರ್ಷ ಬ್ಯಾಡ ಬಿಡ್ರಿ ಅಮ್ಮಾ, ಮುಂದಿನ ವರ್ಷ ಬರಿತೀನಿ" ಅಂದೆ.

"ಹುಚ್ಚಿ. ಮುಂದಿನ ವರ್ಷ ನಿನ್ನ ಯಾರು ಬಿಡ್ತಾರ?" ಸೆರಗಿನೊಳಗಿಂದ ಬಲಗೈ ಬಂತು. "ಆ ಸೂಜಿ ಇಲ್ಲಿ ಕೊಡು. ತಿಂದ್ರೆ ಹಾಕ್ತೀನಿ. ತಿನ್ನದಿದ್ರೆ ಇಲ್ಲ."

"ನಿಮ್ಮ ಕೈಲಿ ಆಗ್ತೈತೇನ್ರಿ?"

"ಆಗಲ್ಲ. ನೀ ಹೋಗು."

ಗೇಟಿನವರೆಗೂ ಬಂದರು. ಅವತ್ತು ಮಾತ್ರ "ಹುಷಾರು" ಅನ್ನಲಿಲ್ಲ.

ಹರಿಹರದ ಆ ಪರೀಕ್ಷಾ ಕೋಣೆಯಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ನನಗೆ ಕಂಡದ್ದು ಬೆಕ್ಕಿನ ಬಟ್ಟಲು. ಏನು ಬರೆದೆ ಅಂತ ಇವತ್ತಿಗೂ ನೆನಪಿಲ್ಲ, ಬರೆದದ್ದಂತೂ ನಿಜ. ಹೊರಗೆ ಬಂದು ಫೋನು ಮಾಡಿದೆ. ಎತ್ತಲಿಲ್ಲ. ಬಸ್ ಸ್ಟ್ಯಾಂಡಿನಿಂದ ಮಾಡಿದೆ. ಬಸ್ಸು ಹತ್ತಿ ಮಾಡಿದೆ. ಸುಮ್ಮನೆ ಹೊಡಕೊಂಡು ಹೊಡಕೊಂಡು ನಿಲ್ಲುತ್ತಿತ್ತು. ಗೇಟು ಸದ್ದಾದರೆ ಎದ್ದು ಬರುವ ಹೆಂಗಸು ಫೋನು ಎತ್ತುತ್ತಿಲ್ಲ ಅಂದರೆ ಏನರ್ಥ? ಬೆಕ್ಕಿಗೆ ಏನಾದರೂ ಆಯಿತು, ಅದನ್ನು ನೋಡಿ ಅವರಿಗೂ ಆಯಿತು ಅಂತಲೇ ನನ್ನ ಮನಸ್ಸು ಓಡಿತು. ಅದೇ ಕೈಯಲ್ಲಿ ಎರಡನೇ ಸಲ ಹಾಗಾದರೆ ಅವರು ಬದುಕುವ ಪೈಕಿ ಅಲ್ಲ.

ಟಿಕೆಟ್ಟಿಗೆ ಬಂದ ಕಂಡಕ್ಟರು ನನ್ನ ಮುಖ ನೋಡಿ, "ಯಾಕವ್ವ, ಪೇಪರ್ ಕಷ್ಟ ಇತ್ತಾ?" ಅಂದ.

"ಇಲ್ರಿ, ಬೆಕ್ಕು" ಅಂದೆ. ಪಾಪ, ಟಿಕೆಟ್ಟು ಹರಿದು ಕೊಟ್ಟು ಮುಂದೆ ಹೋದ.

ಗೇಟು ತೆರೆದೆ. "ಬಂದ್ಯಾ?" ಅನ್ನುವ ದನಿ ಬರಲಿಲ್ಲ. ಚಪ್ಪಲಿ ಬಿಡದೆ ಒಳಗೆ ಓಡಿದೆ.

ಅಡುಗೆಮನೆಯ ನೆಲದ ಮೇಲೆ, ಗೋಡೆಗೆ ಒರಗಿ ಕೂತಿದ್ದರು. ಕಾಲು ಚಾಚಿದ್ದರು, ತೊಡೆಯ ಮೇಲೆ ಗುಂಡ. ಪಕ್ಕದಲ್ಲಿ ಜೇನಿನ ಬಾಟಲಿ ಮುಚ್ಚಳವಿಲ್ಲದೆ ನಿಂತಿತ್ತು, ಸೆರಗೆಲ್ಲ ಜೇನು. ಕೋಳಿಯ ಪಾತ್ರೆ, ಆ ಗೊತ್ತಿಲ್ಲದ ಪಾತ್ರೆ, ಅವರ ಒಲೆಯ ಪಕ್ಕದಲ್ಲೇ ಇತ್ತು. ಬಲಗೈಯನ್ನು ಬೆಕ್ಕಿನ ಪಕ್ಕೆಯ ಮೇಲೆ ಅಗಲವಾಗಿ ಹರವಿದ್ದರು. ಆ ಕೈ ಸಣ್ಣಗೆ ಏರುತ್ತಿತ್ತು, ಇಳಿಯುತ್ತಿತ್ತು. ಬೆಕ್ಕು ಉಸಿರಾಡುತ್ತಿತ್ತು.

"ಫೋನು ಯಾಕ್ರಿ ಎತ್ತಲಿಲ್ಲ?" ಅಳುತ್ತಲೇ ಬೈದೆ.

"ಕೇಳಿಸ್ತು. ಇದರ ಮ್ಯಾಲಿಂದ ಕಣ್ಣು ತೆಗೆದ್ರೆ ಉಸಿರು ನಿಂತೀತು ಅಂತ ಏಳಲಿಲ್ಲ." ನಾಲಗೆ ಒಣಗಿತ್ತು. ಬೆಳಗಿನಿಂದ ಪೂಜೆಯಿಲ್ಲ, ಹಾಗಾಗಿ ನೀರೂ ಇಲ್ಲ. "ನೀ ಹೋದ ಮ್ಯಾಲೆ ತಿಂತು. ಪೂರ್ತಿ ತಿಂತು. ಹಾಕಿದೆ. ಮಧ್ಯಾಹ್ನಕ್ಕೆ ಕಾಲು ನಡುಗಿದ್ವು, ಕಣ್ಣು ಒಂಥರಾ ಆದ್ವು. ಅವರಿಗೂ ಹಂಗೇ ಆಗಿದ್ವು. ದನದ ಡಾಕ್ಟ್ರು ಹೇಳಿದಂಗೆ ಒಸಡಿಗೆ ಜೇನು ತಿಕ್ಕಿದೆ, ತಿಕ್ಕತಾನೇ ಇದ್ದೆ. ಸ್ವಲ್ಪ ಹೊತ್ತಿಗೆ ತಲಿ ಎತ್ತಿ ನನ್ನ ನೋಡ್ತು. ಮತ್ತೆ ತಿಂತು."

ಆಮೇಲೆ ತೀರ ಮೆಲ್ಲಗೆ ಅಂದರು, "ಒಂದು ಚಮಚ ಜೇನವ್ವ. ಮನ್ಯಾಗೇ ಇತ್ತು ಅವತ್ತೂ. ಹಚ್ಚಬೇಕು ಅಂತ ನನಗೆ ಯಾರೂ ಹೇಳಿದ್ದಿಲ್ಲ."

ಜೇನಿನ ಬಾಟಲಿಗೆ ಮುಚ್ಚಳ ಹಾಕಿದೆ. ಅವರೇ ಕೇಳಿದರು, "ಬರದ್ಯಾ?"

"ಬರದೆ."

"ಹಂಗಾರೆ ಇದನ್ನ ಹಿಡಕ. ಸ್ನಾನ ಮಾಡ್ಬೇಕು, ಪೂಜಿ ಆಗಿಲ್ಲ."

ಮರುದಿನ ಡಾಕ್ಟರು ಪರೀಕ್ಷೆ ಮಾಡಿ ಇನ್ಸುಲಿನ್ ಅಳತೆ ಇಳಿಸಿದರು. ಅಂದಿನಿಂದ ಬೆಳಗಿನ ಸೂಜಿ ಓನರಮ್ಮನದು, ಸಂಜೆಯದು ನನ್ನದು. ಭಯ ಹೋಯಿತು ಅಂತ ಹೇಳಲಾರೆ. ಸಿಲಿಂಡರು ಮೂಸುವುದು, ಬೀಗ ಜಗ್ಗುವುದು ಹಾಗೇ ಇತ್ತು. ಪ್ರತಿ ಬೆಳಿಗ್ಗೆ ಅವರ ಕೈ ನಡುಗುತ್ತಿತ್ತು, ನಡುಗುತ್ತಲೇ ಹಾಕುತ್ತಿತ್ತು. ಧೈರ್ಯ ಅಂದರೆ ನಡುಗದಿರುವುದು ಅಂತ ನಾನು ಪುಸ್ತಕದಲ್ಲಿ ಓದಿದ್ದೆ. ಅದನ್ನು ಬರೆದವರು ಓನರಮ್ಮನನ್ನು ನೋಡಿರಲಿಲ್ಲ.

ಪಾಸಾದೆ. ಅವರೇ ಬೀದಿಗೆಲ್ಲ ಪೇಡ ಹಂಚಿದರು. ಆದರೆ ಸರ್ಟಿಫಿಕೇಟು ಬರುವವರೆಗೆ ಅವರು ಉಳಿಯಲಿಲ್ಲ. ಎದೆನೋವು ಅಂತ ಆಸ್ಪತ್ರೆಗೆ ಸೇರಿಸಿದ್ದೆವು. ಸಂಜೆ ನೋಡಲು ಹೋದರೆ ಮೂಗಿನ ನಳಿಕೆ ಸರಿಸಿ ಕೇಳಿದರು, "ತಿಂತೇನು?"

"ತಿಂತ್ರಿ."

"ಹಂಗಾರೆ ಹೋಗಿ ಹಾಕು, ಹೊತ್ತಾತು."

ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದೇ. ಮರುದಿನ ಮನೆಯ ಹಜಾರದಲ್ಲಿ ಕೂರಿಸಿ ವಿಭೂತಿ ಹಚ್ಚಿದ್ದರು. ಎಡ ಅಂಗೈಯಲ್ಲಿ ಲಿಂಗ. ಬಲಗೈ ತೊಡೆಯ ಮೇಲೆ ಬಿಚ್ಚಿಕೊಂಡಿತ್ತು. ಯಾವ ಸೆರಗೂ ಅದನ್ನು ಮುಚ್ಚಿರಲಿಲ್ಲ.

ಕುಕ್ಕುವಾಡದಿಂದ ಬಂದ ಅವರ ತಮ್ಮ ಮನೆಗೆ ಬೀಗ ಹಾಕಿ, ಬೆಕ್ಕನ್ನು ನೀನೇ ಒಯ್ಯವ್ವ ಅಂದರು. ಅದೇ ತರಕಾರಿ ಬುಟ್ಟಿಯಲ್ಲಿ ಗುಂಡ ಕಡರನಾಯಕನಹಳ್ಳಿಗೆ ಬಂತು. ನನಗೆ ಹರಿಹರದಲ್ಲಿ ಕೆಲಸ ಸಿಕ್ಕಿದೆ, ಊರಿನಿಂದಲೇ ಓಡಾಡುತ್ತೇನೆ. "ಬೆಕ್ಕಿಗೆ ಶುಗರಂತೆ! ಇನ್ನ ಎಮ್ಮಿಗೆ ಬಿ.ಪಿ. ಬರತೈತೆ ತಡಿ" ಅಂತ ದೊಡ್ಡಪ್ಪ ಊರೆಲ್ಲ ನಗಾಡಿದ. ನಾನು ಓನರಮ್ಮನ ಕಥೆಯನ್ನು ಅವನ ಮುಂದೆ ಕೂತು ಪೂರ್ತಿ ಹೇಳಿದೆ. ಎಲೆ ಜಗಿಯುವುದು ನಿಂತಿತು. ಆಮೇಲೆ ಸೂಜಿ ಹಾಕುವಾಗ ಬೆಕ್ಕಿನ ತಲೆ ಹಿಡಿಯಲು ತಾನೇ ಬಂದು ಕೂರತೊಡಗಿದ.

ಸರ್ಟಿಫಿಕೇಟು ಬಂದ ದಿನ ಸಂಜೆ ಅದನ್ನು ತಂದು ಕಟ್ಟೆ ಮೇಲೆ ಕೂತಿದ್ದ ದೊಡ್ಡಪ್ಪನ ಮುಂದೆ ಹಿಡಿದೆ. ಅವನು ಎಲೆ ಚೀಲ ಪಕ್ಕಕ್ಕಿಟ್ಟು, ಸುಣ್ಣದ ಬೆರಳನ್ನು ಪಂಚೆಗೆ ಚೆನ್ನಾಗಿ ಒರೆಸಿಕೊಂಡು, ಎರಡೂ ಕೈ ಚಾಚಿ ತಗೊಂಡ. ನನ್ನ ಹೆಸರಿನ ಮೇಲೆ ಅವನ ಕಣ್ಣು ನಿಂತದ್ದು ಕಂಡಿತು. ಹೊತ್ತಾಗಿತ್ತು, ನಾನು ಸೂಜಿ ತರಲು ಒಳಗೆ ತಿರುಗಿದೆ.

"ನಿಲ್ಲವ್ವ" ಅಂದ, ಬಾಗಿಲ ಪಕ್ಕದ ಬಟ್ಟಲಿನ ಕಡೆ ನೋಡುತ್ತ. "ಅದಿನ್ನೂ ತಿಂದಿಲ್ಲ. ಹಾಕಬ್ಯಾಡ."