ಬೆನ್ನ ಮೇಲೆ ನಡೆದ ಹುಳು

ಗಡಿಯಾರ ರಿಪೇರಿಯ ಮಾವ ಶುದ್ಧ ಹಟಮಾರಿ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದು ಅವರ ಎಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆಯೂ ಇಲ್ಲ. ಅಂಗಡಿಯಲ್ಲಿ ಇದು ಗುಣವೆನಿಸಿಕೊಂಡಿತ್ತು, ಮನೆಯಲ್ಲಿ ಹಾಗಲ್ಲ.

ಒಣಗಿದ ಗುಲಾಬಿಯ ಬುಡ ಅಗೆದಾಗ ಹೆಬ್ಬೆರಳ ಗಾತ್ರದ ಬಿಳಿ ಹುಳುವೊಂದು ಸಿಕ್ಕಿತು. ಮಾವ ನಿಂತಲ್ಲೇ ತೀರ್ಪು ಕೊಟ್ಟರು: ಇದು ಬೇರು ತಿನ್ನುವ ಗೊಣ್ಣೆಹುಳು, ಬಂದದ್ದು ಸೊಸೆಯ ಗೊಬ್ಬರದ ಗುಂಡಿಯಿಂದ, ಸಂಜೆಯೊಳಗೆ ಗುಂಡಿ ಮುಚ್ಚಬೇಕು. ಎರಡು ವರ್ಷ ತರಗೆಲೆ, ತರಕಾರಿ ಸಿಪ್ಪೆ ಹೊತ್ತುಹಾಕಿ ಗುಂಡಿಯನ್ನು ಮಗುವಿನಂತೆ ಸಾಕಿದ್ದ ಸೊಸೆಗೆ ಮೈ ಉರಿಯಿತು.

“ಗೊಬ್ಬರ ತಿನ್ನೋ ಹುಳೂನೂ ಹೀಗೇ ಇರುತ್ತೆ ಮಾವ. ಸರಿಯಾಗಿ ನೋಡಿ.”

“ನೋಡೋದನ್ನ ನನಗೇ ಹೇಳಿಕೊಡ್ತೀಯಾ?”

ಮಾವ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಹುಳುವನ್ನು ಮೇಜಿನ ಮೇಲೆ ಚಿಮಟದಿಂದ ಅದುಮಿ ಹಿಡಿದರು. ತಲೆ ಕಂದು, ಕಾಲು ಆರು, ಮೈತುಂಬ ರೋಮ. ಕಾಲು ಗಂಟೆ ಕಳೆದರೂ ಹಿಡಿತ ಸಡಿಲಲಿಲ್ಲ.

“ಗಡಿಯಾರ ನಿಲ್ಲಿಸಿ ಯಾರಾದ್ರೂ ಟೈಮ್ ನೋಡ್ತಾರಾ?” ಎಂದಳು ಸೊಸೆ. “ಬಿಡಿ ಅದನ್ನ. ಬೇರು ತಿನ್ನೋದಾದ್ರೆ ಪಕ್ಕಕ್ಕೆ ಮುದುಡಿ ಬೀಳುತ್ತೆ. ಗೊಬ್ಬರದ್ದಾದ್ರೆ ಬೆನ್ನ ಮೇಲೆ ನಡೆಯುತ್ತೆ.”

“ಬೆನ್ನ ಮೇಲೆ ನಡೆಯೋದಾ? ಚೆನ್ನಾಯ್ತು!” ಎನ್ನುತ್ತ ಮಾವ ಚಿಮಟ ಎತ್ತಿದರು.

ಹುಳು ಹೊರಳಿತು. ಆರೂ ಕಾಲುಗಳನ್ನು ಮೇಲೆತ್ತಿಕೊಂಡು, ಬೆನ್ನಿನ ಮೇಲೆಯೇ ತೆವಳುತ್ತ ರಾಜಗಾಂಭೀರ್ಯದಿಂದ ಹೊರಟಿತು.

“ಪಾಪ, ತಲೆ ಸುತ್ತಿದೆ,” ಎಂದು ಮಾವ ಅದನ್ನು ನೆಟ್ಟಗೆ ಮಾಡಿದರು. ಅದು ಮತ್ತೆ ಅಂಗಾತ.

“ಮೇಜು ಇಳಿಜಾರಾಗಿದೆ.” ಇನ್ನೊಂದು ತುದಿಗಿಟ್ಟರು. ಅಲ್ಲಿಯೂ ಅಂಗಾತ.

ಬಟ್ಟೆ ಮಡಚುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದರು: “ಬಿಡಮ್ಮ. ನಲವತ್ತೈದು ವರ್ಷದಿಂದ ನಾನೂ ಒಬ್ಬರನ್ನ ನೆಟ್ಟಗೆ ಮಾಡ್ತಾನೇ ಇದೀನಿ.”

“ಹಾಗಾದ್ರೆ ಗುಲಾಬಿ ಯಾಕೆ ಸತ್ತಿತು?” ಮಾವ ಗುಡುಗಿದರು.

“ದಿನಕ್ಕೆ ಮೂರು ಸಲ ನೀರು ಹೊಯ್ದವರನ್ನ ಕೇಳಬೇಕು,” ಎಂದಳು ಸೊಸೆ.

ನೀರು ಹೊಯ್ದವರು ಯಾರೆಂಬುದು ಮನೆಗೆಲ್ಲ ಗೊತ್ತಿತ್ತು. ಮಾವ ಹುಳುವನ್ನು ಅಂಗೈಗೆ ಹಾಕಿಕೊಂಡು ಎದ್ದುಹೋದರು. ಗುಂಡಿ ಮುಚ್ಚಬೇಕೋ ಬೇಡವೋ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಸಂಜೆ ಪಾತ್ರೆ ತೊಳೆಯುತ್ತಿದ್ದ ಸೊಸೆ ಕಿಟಕಿಯಾಚೆ ನೋಡಿದಳು. ಮಾವ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಬೆರಳಿನಿಂದ ಸಣ್ಣ ಕುಳಿ ತೋಡಿ ಹುಳುವನ್ನು ಒಳಗಿಟ್ಟರು. ಅತ್ತಿತ್ತ ನೋಡಿ, ಜೇಬಿನಿಂದ ಕಿತ್ತಳೆ ಸಿಪ್ಪೆ ತೆಗೆದು, ಚೂರುಚೂರು ಮಾಡಿ ಅದರ ಮೇಲೆ ಹರಡಿದರು.