ಅತ್ತೆ ಒರೆಸುತ್ತಿದ್ದ ಹೆಸರು

ನಮ್ಮ ಯಜಮಾನರು ಮೂವತ್ತೊಂದು ವರ್ಷ ನಗರದ ಬಸ್ಸುಗಳಲ್ಲಿ ಟಿಕೆಟ್ ತನಿಖೆ ಮಾಡಿದವರು. ಕಂಡಕ್ಟರುಗಳು ಅವರಿಗೆ 'ಹದ್ದು' ಎಂದು ಹೆಸರಿಟ್ಟಿದ್ದರು. ಅದು ಬೈಗುಳ ಎಂದು ಇವರಿಗೆ ಎಂದೂ ಅನ್ನಿಸಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಇವರಿಗಾಗಿಯೇ ಕಟ್ಟಿರಬೇಕು. ನನಗೆ ತಲೆನೋವೆಂದರೂ ಹಣೆ ಮುಟ್ಟಿ ನೋಡಿಯೇ ನಂಬುತ್ತಿದ್ದರು. ಇಂಥವರ ಜೊತೆ ಸಂಸಾರ ಮಾಡಿದ್ದಕ್ಕೆ ಸರ್ಕಾರ ನನಗೊಂದು ಪದಕ ಕೊಡಬೇಕಿತ್ತು.

ರಾಷ್ಟ್ರೀಯ ರಜೆಯ ದಿನ ರಾಜಧಾನಿಯ ಬಸ್ಸುಗಳು ತುಂಬಿ ತುಳುಕುವುದರಿಂದ ಇವರಿಗೆ ಮಾತ್ರ ರಜೆಯಿರಲಿಲ್ಲ. ಅತ್ತೆ ಪ್ರತಿವರ್ಷ ಆ ದಿನ ಒಬ್ಬರೇ ಸ್ಮಾರಕಗಳಿಗೆ ಹೋಗಿಬರುತ್ತಿದ್ದರು. ಯುದ್ಧದಲ್ಲಿ ಮಡಿದವರ ಗೋಡೆಯ ಮೇಲೆ ಮಾವನವರ ಹೆಸರಿದೆ. ಅವರು ತೀರಿಕೊಂಡಾಗ ಇವರಿಗೆ ಎರಡು ವರ್ಷ. ಅತ್ತೆಗೆ ಅಕ್ಷರ ಬಾರದು, ಬಸ್ಸನ್ನೂ ಬಣ್ಣ ನೋಡಿ ಹತ್ತುವವರು. ಆದರೂ ಜೊತೆಗೆ ಯಾರನ್ನೂ ಕರೆಯುತ್ತಿರಲಿಲ್ಲ.

ಈ ವರ್ಷ ಇವರು ನಿವೃತ್ತರಾದರು, ಅತ್ತೆಯ ಮೊಣಕಾಲೂ ಸೋತಿತ್ತು. ಮೂವರೂ ಹೊರಟೆವು.

"ಒಬ್ಬಳೇ ಹೋಗ್ತಾಳೆ, ಬರುವಾಗ ಮುಖ ಅರಳಿರುತ್ತೆ. ಏನೋ ಇದೆ ಕಣೇ," ಎಂದು ಬಸ್ಸಿನಲ್ಲಿ ಇವರು ನನ್ನ ಕಿವಿಯಲ್ಲಿ ಹೇಳಿದರು.

"ಸತ್ತ ಗಂಡನ್ನ ನೋಡೋಕೆ ಹೋಗೋರ ಮೇಲೂ ಅನುಮಾನಾನಾ ನಿಮಗೆ?" ಎಂದೆ.

ಮೊದಲ ಸ್ಮಾರಕದಲ್ಲಿ ಇವರು, ಆರದ ಜ್ಯೋತಿ ನಿಜವಾದ ಬೆಂಕಿಯೋ ಅಲ್ಲವೋ ಎಂದು ಬಗ್ಗಿ ನೋಡಲು ಹೋಗಿ, ಕಾವಲುಗಾರನಿಂದ ಬೈಸಿಕೊಂಡರು.

ಗೋಡೆಯ ಬಳಿ ಅತ್ತೆ ನಮಗಾಗಿ ಕಾಯಲಿಲ್ಲ. ಎಡದಿಂದ ಏಳನೆಯ ಕಲ್ಲಿಗೆ ನೇರ ಹೋಗಿ, ಒದ್ದೆ ಕರವಸ್ತ್ರದಿಂದ ಒಂದು ಹೆಸರನ್ನು ಒರೆಸತೊಡಗಿದರು. ಇವರು ಹಿಂದಿನಿಂದ ಬಗ್ಗಿ ಓದಿದರು. ಮುಖದ ಬಣ್ಣವೇ ಇಳಿದುಹೋಯಿತು.

"ಅಪ್ಪನ ಹೆಸರಲ್ಲ ಕಣೇ. ಬೇರೆ ಯಾವನದೋ," ಎಂದು ಪಿಸುಗುಟ್ಟಿದರು.

ಆ ಹೆಸರು ಫಳಫಳ ಹೊಳೆಯುತ್ತಿತ್ತು, ಒಂದೇ ದಿನ ಒರೆಸಿದರೆ ಬರುವ ಹೊಳಪಲ್ಲ. ಇವರ ಮನಸ್ಸು, ತಾನು ಯಾರ ಮಗ ಎಂಬಲ್ಲಿಗೇ ಓಡಿರುತ್ತದೆ ಎಂದು ನನಗೆ ಗೊತ್ತು.

"ಅಮ್ಮ, ಯಾರದು ಈ ಹೆಸರು?" ಎಂದು ಇವರು ಕೇಳಿದರು.

"ಯಾರದು ಅಂದ್ರೇನೋ, ನಿಮ್ಮಪ್ಪಂದು," ಅತ್ತೆ ತಿರುಗದೆಯೇ ಹೇಳಿದರು. "ಮೊದಲನೇ ವರ್ಷ ಇಲ್ಲಿನ ಕಾವಲುಗಾರ ಓದಿ ತೋರಿಸಿದ್ದ. ಏಳನೇ ಕಲ್ಲು, ನನ್ನ ಭುಜಕ್ಕೆ ಸರಿಯಾಗಿ. ಅವತ್ತಿಂದ ಒಂದು ಸಲಾನೂ ತಪ್ಪಿಲ್ಲ."

ನಾನು ಅತ್ತೆಯ ಬಾಗಿದ ಬೆನ್ನು ನೋಡಿದೆ, ಆಮೇಲೆ ಗೋಡೆ ನೋಡಿದೆ. ಒಂದು ಗೇಣು ಮೇಲೆ ಮಾವನವರ ಹೆಸರಿತ್ತು, ಅಕ್ಷರಗಳ ತುಂಬ ಧೂಳು. ನಡುವಿನ ಮೂರು ಹೆಸರುಗಳಲ್ಲಿ, ಮೇಲೆ ಹೋದಂತೆ ಒಂದಕ್ಕಿಂತ ಒಂದು ಮಾಸಿದ ಹೊಳಪು. ಇಷ್ಟು ವರ್ಷಗಳಲ್ಲಿ ಬೆನ್ನು ಬಾಗಿ ಅತ್ತೆಯ ಭುಜ ಕೆಳಗಿಳಿದಂತೆ ಕೈಯೂ ಒಂದೊಂದೇ ಸಾಲು ಇಳಿದಿತ್ತು. ಇವರೂ ಅದನ್ನು ಕಂಡರು. ನನಗೆ ಅಳು ಬಂತು, ಭಯವೂ ಆಯಿತು. ತಪ್ಪು ಟಿಕೆಟ್ಟನ್ನು ಎಂದೂ ಬಿಟ್ಟವರಲ್ಲ ಇವರು.

"ಯಾಕೋ, ಸರಿಯಾಗಿದೆ ತಾನೆ? ಓದು ನೋಡೋಣ," ಎಂದರು ಅತ್ತೆ.

ಇವರು ಮೇಲಿನ ಸಾಲು ನೋಡುತ್ತ ಅಪ್ಪನ ಹೆಸರನ್ನು ಪೂರ್ತಿಯಾಗಿ, ನಿಧಾನವಾಗಿ ಓದಿದರು. ಅತ್ತೆ ತಲೆಯಾಡಿಸಿದರು.

"ಕೊಡಮ್ಮ, ನಾನೂ ಒರೆಸ್ತೀನಿ."

ಮೇಲಿನಿಂದ ಕೆಳಗಿನವರೆಗೆ ಐದು ಹೆಸರುಗಳನ್ನೂ ಒರೆಸಿದರು. ಕರವಸ್ತ್ರ ಕಪ್ಪಾಯಿತು. ಅತ್ತೆ ಅದನ್ನು ಇಸಿದುಕೊಂಡು ತಿರುಗಿಸಿ ನೋಡಿ, ಮಗನ ಮುಖವನ್ನು ಅನುಮಾನದಿಂದ ದಿಟ್ಟಿಸಿದರು.

"ಈಗಷ್ಟೇ ಒರೆಸಿದ್ನಲ್ಲೋ. ಇಷ್ಟೊಂದು ಧೂಳು ಎಲ್ಲಿಂದ ಬಂತು?"

"ಗಾಳಿ ಜಾಸ್ತಿ ಅಮ್ಮ," ಎಂದರು ಇವರು.

ಅಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ.